ಗೈರೇಸ್ ಪರೀಕ್ಷೆ: ಹುರಿ ಬಿದ್ದಿದೆಯೋ ಇಲ್ಲವೋ ಜೆಲ್‌ನಲ್ಲಿ ನೋಡುವುದು ಹೇಗೆ

ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಎಂಬ ಕಿಣ್ವ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ ಡಿಎನ್‌ಎ ಉಂಗುರಕ್ಕೆ ಋಣ ಹುರಿ, ಅಂದರೆ ಸುರುಳಿಯ ಸುತ್ತಿಗೆ ಎದುರು ದಿಕ್ಕಿನ ತಿರುಚು, ಹಾಕುತ್ತದೆ. 1976ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಇದನ್ನು ಇ. ಕೋಲಿಯಲ್ಲಿ ಕಂಡುಹಿಡಿದರು. ಎರಡು ಎ, ಎರಡು ಬಿ ಉಪಘಟಕಗಳು ಕೂಡಿ ಕಿಣ್ವ ಆಗುತ್ತದೆ. ಕಿಣ್ವ ಒಂದು ಬಾರಿ ಕೆಲಸ ಮಾಡಿದರೆ ಲಿಂಕಿಂಗ್ ಸಂಖ್ಯೆ (ಎರಡು ಎಳೆಗಳು ಒಂದನ್ನೊಂದು ಎಷ್ಟು ಸಲ ಸುತ್ತಿವೆ ಎಂಬ ಲೆಕ್ಕ) 2 ಇಳಿಯುತ್ತದೆ. ಪಿಬಿಆರ್322 ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾದ ಪುಟ್ಟ ಡಿಎನ್‌ಎ ಉಂಗುರ) 4361 ಬೇಸ್ ಜೋಡಿ, ಅಂದರೆ ಎಳೆಗಳ ಸುಮಾರು 415 ಸುತ್ತು. ಕೋಶದಿಂದ ತೆಗೆದಾಗಿನ ಮಟ್ಟಕ್ಕೆ, ಅಂದರೆ 25ರ ಆಸುಪಾಸಿನ ಹುರಿಗೆ, ಕಿಣ್ವ ಹನ್ನೆರಡು ಹದಿಮೂರು ಬಾರಿ ಕತ್ತರಿಸಿ ಜೋಡಿಸಿದರೆ ಸಾಕು.

ಒಂದು ಟ್ಯೂಬಿಗೆ ಒಟ್ಟು 30 ಮೈಕ್ರೊಲೀಟರ್. ಅದರಲ್ಲಿ ಹುರಿ ಬಿಚ್ಚಿದ ಪಿಬಿಆರ್322 0.5 ಮೈಕ್ರೊಗ್ರಾಂ. ಬಫರ್‌ನ ಅಂತಿಮ ಪ್ರಮಾಣ ಹೀಗಿರಲಿ:

- ಟ್ರಿಸ್ (ಪಿಎಚ್ 7.5) 35, ಪೊಟ್ಯಾಸಿಯಂ ಕ್ಲೋರೈಡ್ 24, ಮೆಗ್ನೀಸಿಯಂ ಕ್ಲೋರೈಡ್ 4, ಡಿಟಿಟಿ 2, ಸ್ಪರ್ಮಿಡಿನ್ 1.8, ಎಟಿಪಿ 1 ಮಿಲಿಮೋಲಾರ್
- ಗ್ಲಿಸರಾಲ್ 6.5%, ಬಿಎಸ್‌ಎ ಮಿಲಿಲೀಟರಿಗೆ 0.1 ಮಿಲಿಗ್ರಾಂ

ಎಲ್ಲವನ್ನೂ ಐಸ್ ಮೇಲೆ ಬೆರೆಸಿ, ಕಿಣ್ವ ಕೊನೆಗೆ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಿ. ಕಿಣ್ವ 3 ಮೈಕ್ರೊಲೀಟರ್ ದಾಟಬಾರದು. ಅದನ್ನು ತೆಳು ಮಾಡುವ ಬಫರ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ; 3 ಮೈಕ್ರೊಲೀಟರ್ ಹಾಕಿದರೇ ಟ್ಯೂಬಿನ ಉಪ್ಪು 10 ಮಿಲಿಮೋಲಾರ್ ಏರುತ್ತದೆ. ಹೆಚ್ಚು ಕಿಣ್ವ ಸುರಿದಷ್ಟೂ ಕೆಲಸ ಕಮ್ಮಿಯಾಗುವ ವಿಚಿತ್ರಕ್ಕೆ ಹಲವು ಸಲ ಇದೇ ಕಾರಣ. ಮೊದಲು ಅರ್ಧರ್ಧ ತೆಳು ಮಾಡುತ್ತಾ ಹೋಗಿ, ಡಿಎನ್‌ಎ ಪೂರ್ತಿ ಹುರಿಗೊಳ್ಳುವ ಅತಿ ಕಡಿಮೆ ಪ್ರಮಾಣ ಹಿಡಿಯಿರಿ. ಅದೇ 1 ಯೂನಿಟ್. ಗೈರೇಸನ್ನು ತಡೆಯುವ ಔಷಧ ಪರೀಕ್ಷಿಸುವಾಗ ಈ ಮಟ್ಟದಲ್ಲೇ ನಿಲ್ಲಿ. ಕಿಣ್ವ ಜಾಸ್ತಿಯಾದರೆ ಔಷಧದ ಪರಿಣಾಮ ಕಾಣುವುದೇ ಇಲ್ಲ.

ನಿಲ್ಲಿಸಲು 24:1 ಕ್ಲೋರೊಫಾರ್ಮ್–ಐಸೊಅಮೈಲ್ ಆಲ್ಕೊಹಾಲ್ 30 ಮೈಕ್ರೊಲೀಟರ್, ಸುಕ್ರೋಸ್, ಇಡಿಟಿಎ, ಬ್ರೋಮೊಫಿನಾಲ್ ನೀಲಿ ಇರುವ ಬಫರ್ 30 ಮೈಕ್ರೊಲೀಟರ್ ಹಾಕಿ ವೋರ್ಟೆಕ್ಸ್ ಮಾಡಿ. ಒಂದೆರಡು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀಲಿ ಪದರದಿಂದ ಮಾತ್ರ 20 ಮೈಕ್ರೊಲೀಟರ್ ತೆಗೆಯಿರಿ. ಕ್ಲೋರೊಫಾರ್ಮ್ ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಲಿ.

ಇನ್ನು ಜೆಲ್. ಒಳ್ಳೆಯ ಪ್ರಯೋಗ ಹಾಳಾಗುವುದು ಹೆಚ್ಚಾಗಿ ಇಲ್ಲೇ. 1% ಅಗರೋಸ್, ಟಿಎಇ ಬಫರ್, ಸುಮಾರು 80 ವೋಲ್ಟ್, ಎರಡು ಗಂಟೆ. ಅಭ್ಯಾಸಬಲದಿಂದ ಜೆಲ್‌ಗೆ ಎಥಿಡಿಯಂ ಬ್ರೋಮೈಡ್ (ಡಿಎನ್‌ಎ ಕಾಣುವಂತೆ ಮಾಡುವ ಬಣ್ಣ) ಬೆರೆಸಿಬಿಟ್ಟೀರಿ, ಜೋಕೆ! ಬಣ್ಣ ಬೇಸ್‌ಗಳ ನಡುವೆ ನುಸುಳಿ ಸುರುಳಿಯನ್ನು ಸಡಿಲಿಸುತ್ತದೆ. ಬಿಚ್ಚಿದ ಉಂಗುರ ಧನ ಹುರಿ ಪಡೆದು ವೇಗವಾಗಿ ಓಡುತ್ತದೆ, ಕಿಣ್ವ ಕೆಲಸ ಮಾಡಿದಂತೆಯೇ ಕಾಣುತ್ತದೆ. ಓಟ ಮುಗಿದ ಮೇಲೆ ಜೆಲ್ಲನ್ನು ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಎಥಿಡಿಯಂ ಇರುವ ದ್ರಾವಣದಲ್ಲಿ 15 ನಿಮಿಷ ಅದ್ದಿ, ನೀರಲ್ಲಿ 10 ನಿಮಿಷ ತೊಳೆಯಿರಿ. ಗ್ಲೌಸ್ ಇರಲಿ.

ಓದುವುದು ಸುಲಭ: ಬಿಚ್ಚಿದ್ದು ಮೇಲೆ, ಹುರಿ ಬಿದ್ದದ್ದು ಮುದುಡಿ ವೇಗವಾಗಿ ಓಡುವುದರಿಂದ ಕೆಳಗೆ, ಅರೆಬರೆ ಆದದ್ದು ನಡುವೆ ಏಣಿಯಂತೆ. ಎಷ್ಟು ಕಿಣ್ವ ಹಾಕಿದರೂ ಮೇಲೊಂದು ಪಟ್ಟಿ ಕದಲದಿದ್ದರೆ ಅದು ಒಂದು ಎಳೆ ಕಡಿದ ಡಿಎನ್‌ಎ ಇರಬಹುದು: ಕಡಿದ ಎಳೆ ಸುತ್ತಿ ಸಡಿಲಾಗುವುದರಿಂದ ಅದರಲ್ಲಿ ಹುರಿ ನಿಲ್ಲದು. ಅನುಮಾನ ಬಂದರೆ ಬಿಚ್ಚಿದ ಡಿಎನ್‌ಎಯನ್ನೇ ಎಥಿಡಿಯಂ ಇರುವ ಬೇರೆ ಜೆಲ್‌ನಲ್ಲಿ ಓಡಿಸಿ. ಇಲ್ಲಿ ಆ ಬಣ್ಣವೇ ನೆರವಿಗೆ ಬರುತ್ತದೆ: ಮುಚ್ಚಿದ ಉಂಗುರ ಮುಂದೆ ಓಡುತ್ತದೆ, ಕಡಿದದ್ದು ಹಿಂದೆ ಉಳಿಯುತ್ತದೆ.

ಪ್ರತಿ ಸಲವೂ ಕಿಣ್ವವಿಲ್ಲದ್ದು, ಎಟಿಪಿ ಇಲ್ಲದ್ದು, ಗೈರೇಸ್ ತಡೆಯುವ ಸಿಪ್ರೊಫ್ಲಾಕ್ಸಸಿನ್ ಅಥವಾ ನೊವೊಬಯೋಸಿನ್ ಔಷಧ ಹಾಕಿದ್ದು ಒಂದೊಂದು ಟ್ಯೂಬ್ ಇರಲಿ. ಸಿಪ್ರೊಫ್ಲಾಕ್ಸಸಿನ್ ತಟಸ್ಥ ನೀರಿನಲ್ಲಿ ಸರಿಯಾಗಿ ಕರಗದು, ತುಸು ಆಮ್ಲ ಬೇಕು. ಅದೇ ಆಮ್ಲ ಮಾತ್ರ ಹಾಕಿದ ಟ್ಯೂಬನ್ನೂ ಪಕ್ಕದಲ್ಲಿಡಿ. ಎಟಿಪಿ ಇಲ್ಲದ ಟ್ಯೂಬಿನಲ್ಲೂ ಹುರಿಯ ಪಟ್ಟಿ ಬಂದರೆ ಕಿಣ್ವವನ್ನು ದೂರಬೇಡಿ, ಡಿಎನ್‌ಎ ಮೊದಲೇ ಪೂರ್ತಿ ಬಿಚ್ಚಿರಲಿಲ್ಲವೇ ಎಂದು ನೋಡಿ.