ಎರೆ ಮಣ್ಣಾಗ ಗೌರಿ ಹೂ, ಚೆಂಡು ಹೂ: ನನ್ನ ಅನುಭವ

ನಮ್ಮ ಮನಿ ಗಂಗಾವತಿ ಹತ್ರ, ಹಿತ್ತಲ ತುಂಬ ಎರೆ ಮಣ್ಣು. ಮಳಿ ಬಿದ್ರ ಕಾಲಿಗೆ ಅಂಟ್ಕೋತೈತಿ, ಒಣಗಿದ್ರ ಬೆರಳು ಹೋಗುವಷ್ಟು ಬಿರುಕು. ಮೊದಲನೇ ವರ್ಷ ಅವ್ವ ಕೊಟ್ಟ ಗೌರಿ ಹೂವಿನ ಬೀಜ, ಕರ್ಣಕುಂಡಲ ಅಂತಾರಲ್ಲ ಅದು, ನೇರ ಅದೇ ಮಣ್ಣಿಗೆ ಹಾಕಿದ್ದೆ. ನಾಕು ದಿನ ಜಡಿ ಮಳಿ ಹಿಡೀತು ನೋಡ್ರಿ, ಗೇಣುದ್ದ ಬೆಳೆದಿದ್ದ ಗಿಡ ಎಲ್ಲಾ ಬುಡ ಕೊಳೆತು ಮಲಗಿಬಿಟ್ವು. ಅದರ ದಂಟೇ ನೀರು ತುಂಬಿದ್ದು, ಬುಡದಾಗ ನೀರು ನಿಂತ್ರ ತಡಿಯಂಗಿಲ್ಲ.

ಆಮೇಲೆ ಮಡಿನ ಗೇಣೆತ್ತರ ಏರಿಸಿದೆ. ಒಂದು ಪುಟ್ಟಿ ಎರೆಗೆ ಒಂದು ಪುಟ್ಟಿ ಮಸಾರಿ, ಅಂದ್ರ ಕೆಂಪು ಮಣ್ಣು, ಅರ್ಧ ಪುಟ್ಟಿ ಹಳೇ ತಿಪ್ಪಿ ಗೊಬ್ಬರ. ಈಗ ಒಂದು ಗಿಡಾನೂ ಕೊಳತಿಲ್ಲ. ಬೀಜ ಹಾಕೋದು ಕಾರಹುಣ್ಣಿಮಿ ಆದ ಮೇಲೇನ, ಮೇ ತಿಂಗಳ ನಮ್ಮ ಕಡೆ ಬಿಸಿಲಿಗೆ ಸಸಿ ಉಳಿಯೋದು ಕಷ್ಟ.

ಚೆಂಡು ಹೂವಿಗೆ ಲೆಕ್ಕ ಬ್ಯಾರೆ. ದೀಪಾವಳಿಗೆ ಸಗಣಿಲೇ ಮಾಡಿ ಪೂಜಿಸೋ ಪಾಂಡವರಿಗೆ ಏರಿಸಾಕ ಮನಿ ಹೂವೇ ಬೇಕು ಅಂತ ನನ್ನ ಆಸೆ, ಅದಕ್ಕ ಹಬ್ಬಕ್ಕ ಎರಡೂವರೆ ತಿಂಗಳ ಮೊದ್ಲು ಬೀಜ ಹಾಕಿ, 25 ದಿನಕ್ಕ ಸಸಿ ಕಿತ್ತು ಒಂದೂವರೆ ಅಡಿ ಅಂತರದಾಗ ನಡತೀನಿ. ಇನ್ನೊಂದು ಹದಿನೈದು ದಿನಕ್ಕ ಕುಡಿ ಚಿವುಟಬೇಕು. ಚಲೋ ಬೆಳೆಯೋ ಗಿಡದ ತಲಿ ಚಿವುಟಾಕ ಮನಸ್ಸು ಬರಂಗಿಲ್ಲ ಖರೇ, ಆದ್ರ ಚಿವುಟಿದ್ರ ಪಕ್ಕದಾಗ ಕವಲು ಒಡದು ಗಿಡ ತುಂಬ ಹೂ ಬಿಡ್ತೈತಿ.

ಒಂದು ವರ್ಷ ನರ್ಸರಿಯಿಂದ ಹೈಬ್ರಿಡ್ ಚೆಂಡು ಸಸಿ ತಂದೆ, ಹೂ ಒಂದೊಂದೂ ಮುಷ್ಟಿ ಗಾತ್ರ. ಖುಷಿಯಾಗಿ ಬೀಜ ಎತ್ತಿಟ್ಟೆ, ಮುಂದಿನ ವರ್ಷ ಒಂದು ಗಿಡ ಕುಳ್ಳ, ಒಂದು ಎತ್ತರ, ಹೂ ಸಣ್ಣವು, ಬಣ್ಣನೂ ಕಲಸುಮೇಲೋಗರ. ಹೈಬ್ರಿಡ್ ಬೀಜದ ಗುಣನೇ ಅದು, ತಾಯಿಯಂಗ ಬರಂಗಿಲ್ಲ. ಅದಕ್ಕ ನಾನು ನಾಟಿ ಬೀಜ ಬಿಡಂಗಿಲ್ಲ.

ಗೌರಿ ಹೂವಿನ ಬೀಜ ಹಿಡಿಯೋದು ಅವ್ವ ಕಲಿಸಿದ್ದು. ಕಾಯಿ ಹಸಿರು ಹೋಗಿ ತುಸು ಹಳದಿ ಆದಾಗ ಮುಟ್ಟಿದ್ರ ಸಾಕು ಪುಟ್ ಅಂತ ಒಡದು ಬೀಜ ದೂರ ಸಿಡೀತಾವ. ಅದಕ್ಕ ಮೊದ್ಲು ಇಡೀ ಕಾಯಿನ ಮುಷ್ಟಿಯೊಳಗ ಹಿಡಕೊಂಡು ಆಮೇಲೆ ಅದುಮಬೇಕು. ಸಿಪ್ಪಿ ಹುಳದಂಗ ಸುರುಳಿ ಸುತ್ಕೊಂಡು ಅಂಗೈಗೆ ಕಚಗುಳಿ ಇಡತೈತಿ, ಕಂದು ಬೀಜ ಕೈಯಾಗ ಉಳೀತಾವ. ನೆರಳಾಗ ಒಣಗಿಸಿ, ಒಲಿ ಬೂದಿ ಕಲಸಿ ಗಾಜಿನ ಬಾಟ್ಲಿಗೆ ಹಾಕಿಡ್ತೀನಿ.

ಈ ಸಲ ಬಿಳಿ ಹೂವಿನ ಗಿಡ ಒಂದೇ ಬಂದೈತಿ. ಅದರ ಟೊಂಗಿಗೆ ಕೆಂಪು ದಾರ ಕಟ್ಟೀನಿ, ಇದರ ಕಾಯಿ ಮಾತ್ರ ಯಾರೂ ಮುಟ್ಟಬ್ಯಾಡ್ರಿ ಅಂತ ಮಕ್ಕಳಿಗೆ ಹೇಳಿಟ್ಟೀನಿ.