ಬೋರಲು ಡಬ್ಬಿಯ ಜಾಯಿಂಟ್

ಎರಡು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಒಂದೇ ಮಳೆಗಾಲ ನೋಡಿ ಜಂಬ ಕೊಚ್ಚಿದರೆ ಹುಬ್ಬಳ್ಳಿಯಲ್ಲಿ ಫೋನ್ ಕೇಬಲ್ ಕೆಲಸದ ನಮ್ಮ ದೋಸ್ತರು ಬಿಡುವುದಿಲ್ಲ. ಈಗ ಎರಡೂ ಮುಗಿದಿವೆ. 50 ಜೋಡಿ ತಂತಿಯ ಹಳೇ ಜೆಲ್ಲಿ ಕೇಬಲ್‌ನಲ್ಲಿ (ನೀರು ಹೋಗದಿರಲಿ ಅಂತ ಒಳಗೆ ಜೆಲ್ಲಿ ತುಂಬಿದ ಫೋನ್ ಕೇಬಲ್) 41 ಜೋಡಿ ಮಾತಾಡುತ್ತಿವೆ. ನಾನು ಕೈ ಹಾಕಿದಾಗ ಇದ್ದದ್ದು 9.

ಜಾಗ ಬ್ಯಾಡಗಿ. ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜ್. ಆಫೀಸಿನಿಂದ ಹಿಂದಿನ ಚೇಂಬರ್‌ವರೆಗೆ ಕೇಬಲ್ ದಾರಿ 700 ಮೀಟರ್ ಆಸುಪಾಸು. ಈ ಕಾಲದಲ್ಲಿ ತಂತಿ ಫೋನ್ ಯಾಕೆ ಅನ್ನುವವರು ಆ ಚೇಂಬರ್ ಒಳಗೆ ಹೋಗಿ ಮೊಬೈಲ್ ತೆಗೆದು ನೋಡಲಿ. ಆ ದಪ್ಪ ಗೋಡೆ ದಾಟಿ ಸಿಗ್ನಲ್ ಬರುವುದೇ ಇಲ್ಲ. ಒಳಗಿನ ಹಮಾಲರಿಗೆ ಲಾಟ್ ನಂಬರ್ ಹೇಳಲು ದಿನಕ್ಕೆ ನೂರು ಸಲ ಒಬ್ಬ ಹುಡುಗ ಓಡುತ್ತಿದ್ದ.

ಕ್ಯಾಮೆರಾ ಹಾಕುವ ಹುಡುಗರು ಫೈಬರ್ ಎಳೆಯಲು 2.5 ಲಕ್ಷದ ಹತ್ತಿರ ಕೊಟೇಶನ್ ಕೊಟ್ಟಿದ್ದರು. ನೆಲದೊಳಗಿನ ಹಳೇ ಕೇಬಲನ್ನೇ ಎಬ್ಬಿಸುತ್ತೇನೆ, 60 ಸಾವಿರ ಸಾಕು ಅಂದೆ ನಾನು. "ಏನ್ ಕಾಕಾ, ಸತ್ತ ಕೇಬಲ್ಲಿಗೆ ಸಲೈನ್ ಹಚ್ಚಾಕ ಬಂದೀರೇನು?" ಅಂತ ಅವರಲ್ಲೊಬ್ಬ ನಕ್ಕ. ಸಾಹುಕಾರರು 15 ಸಾವಿರ ಕೈಗಿಟ್ಟು, "ಫೋನ್ ಹತ್ತಿದ್ರ ಉಳದದ್ದು ಕೊಡ್ತೀನ್ರಿ. ಹತ್ತಲಿಲ್ಲಂದ್ರ ಇದೂ ವಾಪಸ್" ಅಂದರು.

ಮೊದಲು ಕೇಬಲ್ ಎಲ್ಲಿ ಕಡಿದಿದೆ ಅಂತ ಹುಡುಕಬೇಕಿತ್ತು. ಕಡಿದ ಜೋಡಿಯ ಕೆಪ್ಯಾಸಿಟೆನ್ಸ್ ಅಳೆದೆ, ಅಂದರೆ ಆ ಜೋಡಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅಂತ. ತಂತಿ ಉದ್ದ ಇದ್ದಷ್ಟೂ ಅದು ಜಾಸ್ತಿ. ಕಿಲೋಮೀಟರಿಗೆ 50 ನ್ಯಾನೋಫ್ಯಾರಡ್ ಅನ್ನುವುದು ನಮ್ಮ ಕೆಲಸದವರ ಲೆಕ್ಕ. ಆಫೀಸಿನಿಂದ 22.5 ಬಂತು. ಅಂದರೆ 450 ಮೀಟರ್. ಇಬ್ಬರು ಆಳು ಹಚ್ಚಿ ಅಗೆಸಿದೆ. ಮೂರು ದಿನ ಅಗೆದರೂ ಕೇಬಲ್ ಚಂದ ಮಲಗಿತ್ತು, ಕಡಿದ ಜಾಯಿಂಟ್ ಇಲ್ಲ. ಕೂಲಿ 4 ಸಾವಿರದ ಮೇಲೆ ಹೋಯಿತು.

ಆ ರಾತ್ರಿ ಹುಬ್ಬಳ್ಳಿ ಬಸ್ಸಿನಲ್ಲಿ ಕೂತಾಗ ತಲೆಗೆ ಹೊಳೆಯಿತು. ಮರುದಿನ ಆಚೆ ತುದಿಯಿಂದ ಅಳೆದೆ. 16.5, ಅಂದರೆ 330 ಮೀಟರ್. 450 ಮತ್ತು 330 ಕೂಡಿದರೆ 780. ಕೇಬಲ್ ಇರುವುದೇ 700! ಈ 80 ಮೀಟರ್ ಎಲ್ಲಿಂದ ಬಂತು? ನೀರು. ಕೇಬಲ್ ಒಳಗೆ ನೀರು ಹೊಕ್ಕರೆ ಕೆಪ್ಯಾಸಿಟೆನ್ಸ್ ಏರುತ್ತದೆ, ಮೀಟರ್ ದೂರವನ್ನು ಜಾಸ್ತಿ ತೋರಿಸುತ್ತದೆ. ನೀರು ಜಾಯಿಂಟ್‌ನಿಂದ ಎರಡೂ ಕಡೆ ಸಮ ಹರಿದಿರುತ್ತದೆ ಅಂತ ಹಿಡಿದು ಆಚೆ 40, ಈಚೆ 40 ಕಳೆದೆ. 410ಕ್ಕೆ ಗುದ್ದಲಿ ಹಾಕಿಸಿದೆ. ಐದಾರು ಮೀಟರ್ ಆಚೀಚೆ ಆಗಿದ್ದು ಬಿಟ್ಟರೆ ಜಾಯಿಂಟ್ ಅಲ್ಲೇ ಇತ್ತು. ಒಂದೇ ಕಡೆಯಿಂದ ಅಳೆದು ಅಗೆಯುವವರಿಗೆ ನನ್ನ 4 ಸಾವಿರದ ನೆನಪಿರಲಿ.

ಆ ಭಾಗದಲ್ಲಿ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಮತ್ತೆ ಉಬ್ಬುತ್ತದೆ. ವರ್ಷ ವರ್ಷ ಹೀಗೆ ಎಳೆದೂ ಎಳೆದೂ ಜಾಯಿಂಟ್ ಬಾಯಿ ಬಿಟ್ಟಿತ್ತು. ಒಳಗೆ ಜೆಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ತಾಮ್ರಕ್ಕೆ ಹಸಿರು ಕಿಲುಬು. ನಾಲ್ಕು ಅಡಿ ಕತ್ತರಿಸಿದರೆ ಒಣ ಕೇಬಲ್ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. ಹಾಕುವಾಗಲೇ ಜೆಲ್ಲಿ ಸರಿಯಾಗಿ ತುಂಬಿರದ ಕೇಬಲ್ ಅದು. ಕತ್ತರಿಸುತ್ತ ಹೋದೆ, ಒಂದೊಂದು ಕಡೆ 25 ಮೀಟರ್ ಹೋಯಿತು. ಹುಬ್ಬಳ್ಳಿಯ ಗುಜರಿಯಲ್ಲಿ ತಾಮ್ರದ ತೂಕದ ಲೆಕ್ಕದಲ್ಲಿ 60 ಮೀಟರ್ ತುಂಡು ತಂದೆ. 6 ಸಾವಿರ ಆಯಿತು. ಒಂದಿದ್ದ ಜಾಯಿಂಟ್ ಈಗ ಎರಡಾದವು.

ಎರಡನ್ನೂ ಪುಸ್ತಕದ ಪ್ರಕಾರವೇ ಮಾಡಿದೆ. ತಂತಿ ತಂತಿ ಕೂಡಿಸುವ ಚಿಕ್ಕ ಯುವೈ ಕನೆಕ್ಟರ್, ಮೇಲೆ ಬಿಸಿ ಮಾಡಿ ಕುಗ್ಗಿಸುವ ತೋಳು, ಮತ್ತೆ ಮಣ್ಣು. ಜುಲೈ ಬರುವಷ್ಟರಲ್ಲಿ ಫೋನ್ ಅರ್ಧ ರಿಂಗ್ ಆಗಿ ನಿಲ್ಲತೊಡಗಿದವು. ಸೋರಿಕೆ ಅಳೆಯುವ ಮೆಗ್ಗರ್ ಹಚ್ಚಿದರೆ ಇನ್ಸುಲೇಶನ್ ಬರೀ 20-30 ಕಿಲೋ ಓಮ್. ರಿಂಗ್ ಹೋಗುವಾಗ ಇಷ್ಟು ಸೋರಿಕೆ ಇದ್ದರೆ ಒಳಗಿನ ಫೋನ್‌ಗಳನ್ನು ಕೂಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆ ಪಾಪ ಏನು ಮಾಡೀತು? ಯಾರೋ ರಿಸೀವರ್ ಎತ್ತಿದರು ಅಂತ ತಿಳಿದು ರಿಂಗ್ ನಿಲ್ಲಿಸುತ್ತದೆ. ಸಾಹುಕಾರರು ಏನೂ ಅನ್ನಲಿಲ್ಲ, ಆದರೆ ಚಹಾ ತರಿಸುವುದನ್ನು ಬಿಟ್ಟರು.

ಆಗ ನಿರ್ಧಾರ ಮಾಡಿದೆ. ಈ ಮಣ್ಣಿನಲ್ಲಿ ಜಾಯಿಂಟ್ ಹೂಳಬಾರದು. ನೆಲದಿಂದ ಎರಡೂವರೆ ಅಡಿ ಮೇಲೆ ಒಂದು ಆ್ಯಂಗಲ್‌ಗೆ ಆರಿಂಚಿನ ಪಿವಿಸಿ ಪೈಪ್ ತುಂಡು ಕಟ್ಟಿದೆ. ಮೇಲೆ ಮುಚ್ಚಳ, ಕೆಳಗೆ ಬಾಯಿ ಪೂರಾ ತೆರೆದದ್ದು. ಕೇಬಲ್ ಕೆಳಗಿನಿಂದ ಹೋಗುತ್ತದೆ, ಜಾಯಿಂಟ್ ಮೇಲ್ಭಾಗದಲ್ಲಿ ತೂಗುತ್ತದೆ. ನೆಲದೊಳಗೆ ಎರಡು ಸುತ್ತು ಸಡಿಲ ಬಿಟ್ಟೆ, ಮಣ್ಣು ಎಷ್ಟು ಬೇಕಾದರೂ ಎಳೆಯಲಿ. ನೋಡಿದವರೆಲ್ಲ ಬಾಯಿ ಮುಚ್ಚು, ಎಂಸೀಲ್ ಬಳಿ ಅಂದರು. ಬೋರಲು ಹಾಕಿದ ಕೊಡದೊಳಗೆ ಮಳೆ ನೀರು ಹೋಗುತ್ತದೆಯೇ? ಮುಚ್ಚಿಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ತೆರೆದಿಟ್ಟರೆ ಬಿಸಿಲು ಬಿದ್ದಾಗಲೆಲ್ಲ ಒಣಗುತ್ತದೆ. ಕೇಬಲ್‌ನ ಕತ್ತರಿಸಿದ ಮುಖಕ್ಕೆ ಮಾತ್ರ ನಾನೊಂದು ಲೇಪ ಹಚ್ಚುತ್ತೇನೆ. ಅದರ ಪಾಕ ನನ್ನ ಹತ್ತಿರವೇ ಇರಲಿ.

ಇನ್ನೊಂದು ತಪ್ಪು ಪೂರಾ ನನ್ನದೇ. ನಮ್ಮ ಕೇಬಲ್‌ನಲ್ಲಿ ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು, ಹೀಗೆ ಐದು ಜೋಡಿಗೂ ಬಿಳಿ ಒಂದೇ ಥರ. ಜೋಡಿಯ ಹೊಸೆತ ಬಿಚ್ಚಿದರೆ ಯಾವ ಬಿಳಿ ಯಾರದ್ದು ಅಂತ ದೇವರೇ ಹೇಳಬೇಕು. ಸಂಜೆ ಅವಸರದಲ್ಲಿ ಎರಡು ಬಿಳಿ ಅದಲುಬದಲಾದವು. ಲೈನ್ ಬರಲಿಲ್ಲ. ಜಾಯಿಂಟ್ ಮತ್ತೆ ಬಿಚ್ಚಲು ಬೇಜಾರಾಗಿ ಆಚೆ ತುದಿಯಲ್ಲಿ ತಂತಿ ಸಿಕ್ಕಿಸುವ ಕ್ರೋನ್ ಪಟ್ಟಿಯಲ್ಲಿ ಬಿಳಿ ಬದಲಿಸಿದೆ. ಡಯಲ್ ಟೋನ್ ಬಂತು, ಮನೆಗೆ ಹೋದೆ. ಮರುದಿನ ನೋಡಿದರೆ ಸಾಹುಕಾರರು ರೇಟ್ ಮಾತಾಡುವುದು ಚೇಂಬರ್‌ನ ಹಮಾಲರಿಗೆ ಸಣ್ಣಗೆ ಕೇಳುತ್ತಿದೆ! ಒಂದು ಜೋಡಿಯ ತಂತಿ ಇನ್ನೊಂದರ ಜೊತೆ ಹೊಸೆದು ನೂರಾರು ಮೀಟರ್ ಹೋದರೆ ಮತ್ತೇನಾಗುತ್ತದೆ? ಸುಮ್ನೆ ಜಾಯಿಂಟ್ ಬಿಚ್ಚಿ ಸರಿ ಮಾಡಿದೆ.

ಬಿಚ್ಚುವ ಮುಂಚೆ ಒಂದು ಪ್ರಯೋಗ ಮಾಡಿದ್ದೆ. ವೇಬ್ರಿಜ್‌ಗೆ ಇಂಟರ್ನೆಟ್ ಬೇಕು ಅಂದಿದ್ದರು. ಫೋನ್ ತಂತಿಯ ಮೇಲೆಯೇ ಇಂಟರ್ನೆಟ್ ಕಳಿಸುವ ಎರಡು ತಂತಿಯ ವಿಡಿಎಸ್‌ಎಲ್ ಎಕ್ಸ್‌ಟೆಂಡರ್ ಸೆಟ್ ಒಂದು ನನ್ನ ಹತ್ತಿರ ಬಿದ್ದಿತ್ತು. ಒಳ್ಳೆಯ ಜೋಡಿಯಲ್ಲಿ ಸುಮಾರು 450 ಮೀಟರಿಗೆ 45 ಎಂಬಿಪಿಎಸ್ ಸಿಕ್ಕಿತು. ಬಿಳಿ ತಪ್ಪಿದ ಜೋಡಿಯಲ್ಲಿ 10 ದಾಟಲಿಲ್ಲ, ಅದೂ ಹತ್ತು ನಿಮಿಷಕ್ಕೊಮ್ಮೆ ಕಡಿಯುತ್ತಿತ್ತು. ಈಗ ವೇಬ್ರಿಜ್ ಬಿಲ್ ಈ ತಂತಿಯ ಮೇಲೆಯೇ ಹೋಗುತ್ತದೆ. ನಕ್ಕಿದ್ದ ಹುಡುಗನ ಒಂದು ಕ್ಯಾಮೆರಾ ಕೂಡ.

ಸಾಹುಕಾರರ ತಂದೆಯವರಿಗೆ ಮನೆಯಲ್ಲಿದ್ದ ಕರಿ ಡಯಲ್ ಫೋನೇ ಬೇಕಿತ್ತು. ಹಚ್ಚಿಕೊಟ್ಟೆ. ಹಳೇ ಇಪಿಎಬಿಎಕ್ಸ್ ಆದ್ದರಿಂದ ಪಲ್ಸ್ ಎಣಿಸುತ್ತದೆ, ಹೊಸ ಪೆಟ್ಟಿಗೆಗಳು ಎಷ್ಟೋ ಎಣಿಸುವುದಿಲ್ಲ. ಅಜ್ಜಾರು ಕೂತು 1986ರ ಕಥೆ ತೆಗೆದರು. ಸರಕಾರಿ ಸಿ-ಡಾಟ್ ಸಂಸ್ಥೆ ಮಾಡಿದ ದೇಶದ ಮೊದಲ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ ಬಂದದ್ದು ನಮ್ಮ ಧಾರವಾಡದ ಪಕ್ಕದ ಕಿತ್ತೂರಿಗೆ ಅಲ್ವಾ? 128 ಪೋರ್ಟ್, ಎಸಿ ಕೋಣೆಯೂ ಬೇಡ. ಆಗಲೂ ಇದು ನಡೆಯುವುದಿಲ್ಲ ಅಂದವರಿದ್ದರಂತೆ. ಅಜ್ಜಾರ ಮಾತು ಕೇಳಿ ನನಗೆ ಒಂದು ಚಹಾದಷ್ಟು ಸಮಾಧಾನ ಆಯಿತು.

ದುಡ್ಡಿನ ಲೆಕ್ಕ ಬಾಯಿಂದ ಹೇಳುತ್ತೇನೆ. ಲಾಡ್ಜ್ ಒಂದು ಮಾರಿದ ಸೆಕೆಂಡ್ ಹ್ಯಾಂಡ್ ಇಪಿಎಬಿಎಕ್ಸ್ 18 ಸಾವಿರ. ಕೇಬಲ್ ತುಂಡು 6. ಅಗೆತ ಎಲ್ಲ ಸೇರಿ 10. ಕನೆಕ್ಟರ್, ಕ್ರೋನ್, ಪೈಪು 8ರೊಳಗೆ. ಮೇ ತಿಂಗಳ ಒಂದು ಸಿಡಿಲಿಗೆ ಇಪಿಎಬಿಎಕ್ಸ್ ಒಳಗಿನ ಎರಡು ಕಾರ್ಡ್ ಸುಟ್ಟು ಇನ್ನೊಂದು 9 ಹೋಯಿತು. ಸಿಡಿಲಿನ ಏಟನ್ನು ನೆಲಕ್ಕೆ ಇಳಿಸುವ ಜಿಡಿ ಟ್ಯೂಬ್ ಇದ್ದವು, ಆದರೆ ಅರ್ಥಿಂಗ್ ನಾಳೆ ಮಾಡೋಣ ಅಂತ ಬಿಟ್ಟಿದ್ದೆ. ಅರ್ಥ್ ಇಲ್ಲದ ಜಿಡಿ ಟ್ಯೂಬ್ ಮದುವೆ ಮಂಟಪದ ಪ್ಲಾಸ್ಟಿಕ್ ಹೂವಿನ ಹಾಗೆ. 60ರಲ್ಲಿ ಉಳಿದದ್ದು 9 ಸಾವಿರ. ನನ್ನ ಕೂಲಿ, ಬಸ್ ಚಾರ್ಜ್ ಹಿಡಿದರೆ ನಷ್ಟವೇ. ಆದರೆ ಆಮೇಲೆ ಅದೇ ಓಣಿಯಲ್ಲಿ ಇನ್ನೆರಡು ಕೋಲ್ಡ್ ಸ್ಟೋರೇಜ್ ಕೆಲಸ ಸಿಕ್ಕವು. ಅಲ್ಲಿ 60 ಅನ್ನಲಿಲ್ಲ.

ತೆರೆದ ಬಾಯಿಯ ಡಬ್ಬಿಗೆ ಇರುವ ಒಂದೇ ಕಾಟ ಕೆಂಪಿರುವೆ. ಬೆಚ್ಚಗೆ, ಒಣಗಿ ಇರುತ್ತದಲ್ಲ, ಮೊದಲ ವರ್ಷ ಗೂಡೇ ಕಟ್ಟಿದ್ದವು. ಜಾಳಿಗೆ ಕಟ್ಟಿದರೆ ಜಾಳಿಗೆಯಲ್ಲೂ ತೂರುತ್ತವೆ. ಸೀಮೆಎಣ್ಣೆ ಸವರಿದರೆ ನಾಲ್ಕು ದಿನ, ಅಷ್ಟೇ. ಈಗ ಕೇಬಲ್ ಬುಡಕ್ಕೆ ಬೇರೊಂದು ಹಚ್ಚುತ್ತಿದ್ದೇನೆ, ಎಂಟು ತಿಂಗಳಿಂದ ಒಂದು ಇರುವೆ ಹತ್ತಿಲ್ಲ. ಏನು ಅಂತ ಕ್ಯಾಮೆರಾ ಹುಡುಗ ಮೊನ್ನೆ ಎರಡು ಸಲ ಫೋನ್ ಮಾಡಿ ಕೇಳಿದ. ಅವನಿಗೂ ಹೇಳಿಲ್ಲ.