ಟ್ರೇ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ಯುವ ಬೆಕ್ಕು: ಏನು ಮಾಡಬೇಕು?

ನಿನ್ನೆ ತನಕ ಸರಿಯಾಗಿ ತನ್ನ ಟ್ರೇಗೆ (ಉಚ್ಚೆ, ಕಕ್ಕಕ್ಕೆಂದು ಲಿಟರ್, ಅಂದರೆ ತೇವ ಹೀರುವ ಕಾಳು, ತುಂಬಿಟ್ಟ ತಟ್ಟೆಗೆ) ಹೋಗುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆ ಮೇಲೆ, ಒಗೆಯಲು ಹಾಕಿದ ಬಟ್ಟೆ ಮೇಲೆ, ಸೋಫಾ ಮೂಲೆಯಲ್ಲಿ ಉಚ್ಚೆ ಹೊಯ್ಯಲು ಶುರು ಮಾಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ‘ಬೈದಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದೆ’ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ. ಸೇಡು ಗೀಡು ಬೆಕ್ಕಿಗೆ ಗೊತ್ತಿಲ್ಲ. ಅದಕ್ಕೆ ಎಲ್ಲೋ ನೋವಿದೆ, ಇಲ್ಲವೇ ಟ್ರೇ ಹಿಡಿಸುತ್ತಿಲ್ಲ, ಇಲ್ಲವೇ ಯಾವುದೋ ಭಯ ಕಾಡುತ್ತಿದೆ. ಮೂರರಲ್ಲಿ ಯಾವುದು ಅಂತ ತಿಳಿಯದೆ ಹೊಸ ಟ್ರೇ, ಹೊಸ ಸ್ಪ್ರೇ ಅಂತ ದುಡ್ಡು ಸುರಿದರೆ ಪ್ರಯೋಜನ ಇಲ್ಲ. ಒಂದೊಂದಾಗಿ ನೋಡೋಣ.

ಮೊದಲು ಪಶುವೈದ್ಯರ ಹತ್ತಿರ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಚೆನ್ನಾಗಿ ತಿನ್ನುತ್ತದೆ, ಆಡುತ್ತದೆ ಅಂದಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ.

ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮೂತ್ರಕೋಶದ ಉರಿಯೂತ. ಬಹಳ ಸಲ ಇದಕ್ಕೆ ಸೋಂಕು ಕಾರಣವೇ ಅಲ್ಲ, ಒತ್ತಡದಿಂದಲೇ ಶುರುವಾಗಿ ಹೋಗಿ ಬಂದು ಮಾಡುತ್ತದೆ. ಮೂತ್ರದಲ್ಲಿ ಹರಳು, ಕಲ್ಲು ಕೂಡ ಇರಬಹುದು. ವಯಸ್ಸಾದ ಬೆಕ್ಕಾದರೆ ಮೂತ್ರದ ಸೋಂಕು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇವುಗಳನ್ನು ನೋಡಬೇಕು. ಇದಕ್ಕೆ ಒಂದು ಸುಳಿವು ಮನೆಯಲ್ಲೇ ಸಿಗುತ್ತದೆ: ಬೆಕ್ಕು ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತಿದೆಯಾ, ಟ್ರೇಯಲ್ಲಿ ಉಚ್ಚೆ ತಾಗಿ ಕಟ್ಟುವ ಲಿಟರ್ ಗಟ್ಟಿಗಳು ದೊಡ್ಡದಾಗಿವೆಯಾ ಗಮನಿಸಿ. ಕೀಲು ನೋವಿರುವ ಮುದಿ ಬೆಕ್ಕಿಗೆ ಎತ್ತರದ ಅಂಚು ದಾಟಿ ಟ್ರೇಯೊಳಗೆ ಇಳಿಯುವುದೇ ಕಷ್ಟ. ಅದು ಟ್ರೇ ಪಕ್ಕದಲ್ಲೇ ಹೊಯ್ಯುತ್ತದೆ, ಪಾಪ.

ನೋವಿಗೂ ಟ್ರೇಗೂ ಇರುವ ನಂಟನ್ನು ಅರ್ಥ ಮಾಡಿಕೊಳ್ಳಿ. ಟ್ರೇಯಲ್ಲಿ ಕೂತಾಗಲೆಲ್ಲ ಉರಿ, ನೋವು ಬಂದರೆ ಬೆಕ್ಕು ಟ್ರೇಯನ್ನೇ ದೂರುತ್ತದೆ. ನೋವಿಲ್ಲದ ಜಾಗ ಸಿಗಬಹುದು ಅಂತ ಮೆತ್ತನೆಯ ಹಾಸಿಗೆಗೋ ತಣ್ಣನೆಯ ಸಿಂಕಿಗೋ ಹೋಗುತ್ತದೆ. ಕಾಯಿಲೆ ವಾಸಿಯಾದ ಮೇಲೂ ಈ ಹೆದರಿಕೆ ಉಳಿದುಬಿಡಬಹುದು.

ಗಂಡು ಬೆಕ್ಕಿದ್ದವರು ಇದನ್ನಂತೂ ಮರೆಯಲೇಬೇಡಿ. ಗಂಡಿನ ಮೂತ್ರನಾಳ ತುಂಬಾ ಕಿರಿದು. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಬಿಡುತ್ತದೆ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಹಿಂಭಾಗ ನೆಕ್ಕಿಕೊಳ್ಳುತ್ತದೆ, ಆದರೆ ಒಂದು ಹನಿಯೂ ಬರುವುದಿಲ್ಲ. ನೋಡಿದವರು ಮಲಬದ್ಧತೆ ಅಂದುಕೊಳ್ಳುತ್ತಾರೆ. ಆಮೇಲೆ ವಾಂತಿ, ಸುಸ್ತು. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಕರೆದುಕೊಂಡು ಹೋಗಿ.

ಹೊಯ್ಯುತ್ತಿದೆಯೋ, ಚಿಮ್ಮಿಸುತ್ತಿದೆಯೋ?

ಎರಡೂ ಬೇರೆ ಬೇರೆ. ಬೆಕ್ಕು ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೋ ಹಾಸಿಗೆ ಮೇಲೋ ದೊಡ್ಡ ಕಲೆ ಮಾಡಿದರೆ ಅದು ಉಚ್ಚೆ ಹೊಯ್ಯುವುದು. ಚಿಮ್ಮಿಸುವಾಗ ಹಾಗಲ್ಲ. ಪರದೆಗೋ ಗೋಡೆಗೋ ಬೆನ್ನು ತಿರುಗಿಸಿ ನಿಲ್ಲುತ್ತದೆ. ಬಾಲ ನೆಟ್ಟಗೆ ಮೇಲೇಳುತ್ತದೆ, ಅದರ ತುದಿ ನಡುಗುತ್ತದೆ, ಹಿಂಗಾಲುಗಳು ಒಂದೆರಡು ಸಲ ತುಳಿಯುತ್ತವೆ. ಸ್ವಲ್ಪವೇ ಉಚ್ಚೆ ಗೋಡೆಗೆ ತಾಗಿ ಕೆಳಗೆ ಇಳಿಯುತ್ತದೆ. ಇದು ‘ಈ ಜಾಗ ನನ್ನದು’ ಎಂದು ಗುರುತು ಹಾಕುವುದು. ಟ್ರೇ ಎಷ್ಟು ಬದಲಿಸಿದರೂ ಇದು ನಿಲ್ಲುವುದಿಲ್ಲ.

ಸಂತಾನಹರಣ ಆಪರೇಷನ್ ಆಗದ ಬೆಕ್ಕಾದರೆ ಮೊದಲು ಅದನ್ನು ಮಾಡಿಸಿ. ಆಪರೇಷನ್ ಆದ ಗಂಡುಗಳಲ್ಲಿ ಸುಮಾರು ಶೇ 10, ಹೆಣ್ಣುಗಳಲ್ಲಿ ಸುಮಾರು ಶೇ 5 ಮಾತ್ರ ಚಿಮ್ಮಿಸುತ್ತವೆ. ಆಪರೇಷನ್ ಆಗಿದ್ದೂ ಮಾಡುತ್ತಿದ್ದರೆ ಕಿಟಕಿ ಕಡೆ ನೋಡಿ. ಹೊರಗೆ ಬೇರೆ ಬೆಕ್ಕು ಓಡಾಡುತ್ತಿರಬಹುದು. ಕಲೆಗಳು ಕಿಟಕಿ, ಬಾಗಿಲ ಸುತ್ತಮುತ್ತಲೇ ಇದ್ದರೆ ಅನುಮಾನ ಬಲವಾಗುತ್ತದೆ. ಗಾಜಿನ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿ, ಹೊರಗಿನ ಬೆಕ್ಕು ಕಾಣದ ಹಾಗೆ ಮಾಡಿ.

ಟ್ರೇಯನ್ನು ಬೆಕ್ಕಿನ ಕಣ್ಣಲ್ಲಿ ನೋಡಿ

ಕಾಯಿಲೆ ಇಲ್ಲ, ಚಿಮ್ಮಿಸುವುದೂ ಅಲ್ಲ ಅಂತಾದರೆ ತಪ್ಪು ಟ್ರೇಯಲ್ಲಿರುವ ಸಾಧ್ಯತೆ ಜಾಸ್ತಿ. ಬೆಕ್ಕು ಟ್ರೇ ಬಳಸುವುದನ್ನು ಒಮ್ಮೆ ದೂರದಿಂದ ನೋಡಿ. ನಾಲ್ಕು ಕಾಲೂ ಒಳಗಿಟ್ಟು, ಕೆರೆದು, ಕೂತು, ಆಮೇಲೆ ನಿಧಾನವಾಗಿ ಮುಚ್ಚುತ್ತದೆಯಾ? ಹಾಗಿದ್ದರೆ ಅದಕ್ಕೆ ಟ್ರೇ ಒಪ್ಪಿಗೆಯಾಗಿದೆ. ಮುಂಗಾಲು ಅಂಚಿನ ಮೇಲಿಟ್ಟು ಹೇಗೋ ಮುಗಿಸಿ, ಲಿಟರ್ ಮುಟ್ಟದೆ ಪಕ್ಕದ ಗೋಡೆಯನ್ನೋ ನೆಲವನ್ನೋ ಕೆರೆದು, ಎಗರಿ ಓಡಿಹೋಗುತ್ತದೆಯಾ? ಅದಕ್ಕೆ ಟ್ರೇ ಹಿಡಿಸಿಲ್ಲ.

ಬಹಳಷ್ಟು ಟ್ರೇಗಳು ಬೆಕ್ಕಿಗೆ ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದ ಇರಬೇಕು. ಅಂಗಡಿಯ ಟ್ರೇ ಸಾಲದಿದ್ದರೆ ದೊಡ್ಡ ಪ್ಲಾಸ್ಟಿಕ್ ಡಬ್ಬದ ಒಂದು ಪಕ್ಕ ತಗ್ಗಾಗಿ ಕತ್ತರಿಸಿ, ಅಂಚು ನಯ ಮಾಡಿ ಇಟ್ಟರೆ ಸಾಕು. ಮುದಿ ಬೆಕ್ಕಿಗೂ ಮರಿಗೂ ಇದೇ ಒಳ್ಳೆಯದು. ಮುಚ್ಚಳದ ಟ್ರೇ ನಮಗೆ ಚೆಂದ, ಆದರೆ ವಾಸನೆ ಒಳಗೇ ನಿಲ್ಲುತ್ತದೆ. ಅನುಮಾನವಿದ್ದರೆ ಮುಚ್ಚಳ ತೆಗೆದುಬಿಡಿ.

ಎಷ್ಟು ಟ್ರೇ? ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಎರಡು ಬೆಕ್ಕಿಗೆ ಮೂರು. ಮೂರನ್ನೂ ಒಂದೇ ಕಡೆ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಬೇರೆ ಬೇರೆ ಕೋಣೆಯಲ್ಲಿಡಿ. ಮನೆಯಲ್ಲೊಂದು ದಾದಾಗಿರಿ ಮಾಡುವ ಬೆಕ್ಕಿದ್ದರೆ ಅದು ದಾರಿಗೆ ಅಡ್ಡ ಕೂತು ಇನ್ನೊಂದನ್ನು ತಡೆಯುತ್ತದೆ. ಜಗಳ, ಕಿರುಚಾಟ ಏನೂ ಇರುವುದಿಲ್ಲ, ಸುಮ್ನೆ ಕೂತು ದಿಟ್ಟಿಸುತ್ತದೆ ಅಷ್ಟೇ. ಹಾಗಾಗಿ ನಿಮಗೆ ಗೊತ್ತೇ ಆಗುವುದಿಲ್ಲ. ಟ್ರೇಯಿಂದ ತಪ್ಪಿಸಿಕೊಳ್ಳಲು ಎರಡು ದಾರಿ ಇರುವ ಜಾಗ ಹುಡುಕಿ. ವಾಷಿಂಗ್ ಮೆಷಿನ್ ಪಕ್ಕ ಬೇಡ, ಊಟದ ಬಟ್ಟಲಿನ ಹತ್ತಿರವೂ ಬೇಡ.

ಇನ್ನು ಲಿಟರ್. ಸಾಕು ಬೆಕ್ಕಿನ ಪೂರ್ವಜರು ಒಣ ಪ್ರದೇಶದ ಕಾಡುಬೆಕ್ಕುಗಳು, ಕೆರೆಯಲು ಸಡಿಲ ಮಣ್ಣು ಮರಳು ಇದ್ದ ಕಡೆ ಬದುಕಿದವು. ಇವತ್ತಿಗೂ ಬಹುಪಾಲು ಬೆಕ್ಕುಗಳಿಗೆ ಕಾಲಿಗೆ ಮರಳಿನಂತೆ ಹಿತವಾಗಿರುವ, ಗಟ್ಟಿ ಕಟ್ಟುವ, ವಾಸನೆ ಇಲ್ಲದ ಸಣ್ಣ ಕಾಳಿನ ಲಿಟರ್ ಇಷ್ಟ. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಜೇಡಿಮಣ್ಣಿನ ಕಾಳುಗಳನ್ನು ಬೆಕ್ಕಿಗಾಗಿ ಕೊಟ್ಟ ಮೇಲೆ, ಅದುವರೆಗೆ ಬಳಸುತ್ತಿದ್ದ ಬೂದಿ, ಮರಳಿನ ಜಾಗವನ್ನು ಅದು ಹಿಡಿಯಿತು. ಗುಲಾಬಿ, ಲ್ಯಾವೆಂಡರ್ ಸುವಾಸನೆ ಇರುವುದು ನಮ್ಮ ಮೂಗಿಗಾಗಿ. ಬೆಕ್ಕಿಗೆ ಅದು ಹಿಂಸೆ. ಯಾವುದು ಹಿಡಿಸುತ್ತದೆ ಎಂದು ತಿಳಿಯಬೇಕಾದರೆ ಎರಡು ಟ್ರೇಯಲ್ಲಿ ಎರಡು ಬಗೆ ಹಾಕಿ ಪಕ್ಕಪಕ್ಕ ಇಡಿ, ಯಾವುದರಲ್ಲಿ ಹೆಚ್ಚು ಹೋಗುತ್ತದೆ ಎಂದು ಅದೇ ಹೇಳುತ್ತದೆ. ಬದಲಿಸುವಾಗ ಹಳೆಯದಕ್ಕೆ ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ.

ದಿನಕ್ಕೆ ಒಂದು ಸಲವಾದರೂ, ಸಾಧ್ಯವಾದರೆ ಎರಡು ಸಲ ಗಟ್ಟಿಗಳನ್ನು ತೆಗೆಯಿರಿ. ಇದೊಂದನ್ನೇ ಸರಿಯಾಗಿ ಮಾಡಿದರೆ ಎಷ್ಟೋ ಮನೆಗಳಲ್ಲಿ ಸಮಸ್ಯೆ ಅರ್ಧ ಮುಗಿಯುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ, ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಸೋಂಕು ಬರಬಹುದು.

ಹಳೆಯ ಕಲೆಯ ವಾಸನೆ

ನಮ್ಮ ಮೂಗಿಗೆ ಹೋಯಿತು ಅನ್ನಿಸಿದರೂ ಬೆಕ್ಕಿನ ಮೂಗಿಗೆ ಅದು ಅಲ್ಲೇ ಇರುತ್ತದೆ, ಅಲ್ವಾ? ಉಚ್ಚೆಯಲ್ಲಿರುವ ಯೂರಿಕ್ ಆಮ್ಲದ ಹರಳುಗಳು ಸೋಪು ನೀರಿಗೆ ಸರಿಯಾಗಿ ಕರಗುವುದಿಲ್ಲ. ತೇವ ತಾಗಿದಾಗ ಮತ್ತೆ ವಾಸನೆ ಏಳುತ್ತದೆ, ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಸಾಕುಪ್ರಾಣಿಗಳ ಕಲೆಗೆಂದೇ ಬರುವ ಎನ್‌ಜೈಮ್ ಕ್ಲೀನರ್ ತನ್ನಿ. ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಹೋಗುವಂತೆ ದ್ರಾವಣ ಸುರಿದು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ, ತಾನಾಗಿ ಒಣಗಲಿ. ಹಳೆಯ ಕಲೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಬಿಡಿ, ಕಲೆ ಹೊಳೆಯುತ್ತದೆ.

ಬ್ಲೀಚ್ ಹಾಕಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿ ವಿಷಗಾಳಿ ಬರುತ್ತದೆ. ಫಿನಾಯಿಲ್ ಅಂತೂ ಬೇಡವೇ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಡಿಮೆ. ಒರೆಸಿದ ನೆಲದಲ್ಲಿ ನಡೆದು ಕಾಲು ನೆಕ್ಕಿಕೊಂಡರೂ ತೊಂದರೆ.

ಮನೆಯಲ್ಲಿ ಏನು ಬದಲಾಗಿದೆ?

ಹೊಸ ಮಗು, ಹೊಸ ಬೆಕ್ಕು, ಮನೆ ಬದಲಾವಣೆ, ನೆಂಟರು, ಪೇಂಟಿಂಗ್ ಕೆಲಸ. ಯಾವಾಗಿಂದ ಶುರುವಾಯಿತು ಎಂದು ನೆನಪು ಮಾಡಿಕೊಂಡರೆ ಕಾರಣ ತಾನಾಗಿ ಸಿಗುತ್ತದೆ. ಅಡಗಿಕೊಳ್ಳಲು ಒಂದು ಜಾಗ, ಹತ್ತಿ ಕೂರಲು ಎತ್ತರದ ಹಲಗೆ, ಊಟಕ್ಕೂ ಆಟಕ್ಕೂ ನಿಗದಿತ ಹೊತ್ತು ಇಷ್ಟು ಕೊಡಿ. ಬೈಯುವುದು, ಹೊಡೆಯುವುದು, ಮೂಗನ್ನು ಉಚ್ಚೆಗೆ ಉಜ್ಜುವುದು ಯಾವುದೂ ಬೇಡ. ಬೆಕ್ಕು ಅದರಿಂದ ಕಲಿಯುವುದು ಒಂದೇ: ನೀವಿದ್ದಾಗ ಹೊಯ್ಯಬಾರದು. ಆಮೇಲೆ ಮಂಚದ ಅಡಿಗೆ ಹೋಗುತ್ತದೆ.

ಮತ್ತೆ ರೂಢಿ ಮಾಡಿಸುವುದು

ಬೆಕ್ಕು ಆರಿಸಿಕೊಂಡ ಜಾಗದಲ್ಲೇ ಒಂದು ಟ್ರೇ ಇಡಿ. ಅದನ್ನು ಸರಿಯಾಗಿ ಬಳಸಲು ಶುರು ಮಾಡಿದ ಮೇಲೆ ದಿನಕ್ಕೆ ಒಂದು ಗೇಣಿನಂತೆ ನಿಮಗೆ ಬೇಕಾದ ಕಡೆಗೆ ಸರಿಸುತ್ತಾ ಹೋಗಿ. ಅಲ್ಲಿ ಟ್ರೇ ಇಡಲು ಆಗದಿದ್ದರೆ ಚೆನ್ನಾಗಿ ತೊಳೆದು ಊಟದ ಬಟ್ಟಲು ಇಡಿ, ಉಣ್ಣುವ ಜಾಗದಲ್ಲಿ ಬೆಕ್ಕು ಗಲೀಜು ಮಾಡುವುದು ಕಡಿಮೆ. ಮಲಗುವ ಕೋಣೆ ಬಾಗಿಲು ಕೆಲವು ವಾರ ಹಾಕಿಯೇ ಇರಲಿ.

ಏನು ಮಾಡಿದರೂ ಜಗ್ಗದಿದ್ದರೆ ಕೆಲವು ದಿನ ಒಂದೇ ಕೋಣೆಯಲ್ಲಿ ಟ್ರೇ, ಊಟ, ನೀರು, ಹಾಸಿಗೆ ಕೊಟ್ಟು ಇಡಿ, ನೀವೂ ಹೋಗಿ ಬಂದು ಜೊತೆಗಿರಿ. ತಪ್ಪದೆ ಟ್ರೇಗೆ ಹೋಗುತ್ತಿದೆ ಎಂದಾದ ಮೇಲೆ ಒಂದೊಂದೇ ಕೋಣೆ ತೆರೆಯಿರಿ. ಮೂತ್ರಕೋಶದ ತೊಂದರೆ ಇದ್ದ ಬೆಕ್ಕಿಗೆ ನೀರಿನಂಶ ಹೆಚ್ಚಿರುವ ಆಹಾರ (ವೆಟ್ ಫುಡ್) ಜಾಸ್ತಿ ಕೊಡಿ, ನೀರಿನ ಬಟ್ಟಲನ್ನು ಎರಡು ಮೂರು ಕಡೆ ಇಡಿ. ಇಷ್ಟಾದರೂ ಆತಂಕ ಇಳಿಯದಿದ್ದರೆ ವೈದ್ಯರು ಔಷಧಿ ಬರೆದುಕೊಡುತ್ತಾರೆ. ನೋವಿದೆ ಅಂತ ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನು ಚೂರು ಕೂಡ ಕೊಡಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.